ಗಾರ್ಬಾಚ್ ಕೊಡಲು ಬಂದ ಮಣ್ಣು

ವಿಟೋಲ್ಡ್ ಗಾರ್ಬಾಚ್ ರಾಜಕಾರಣಕ್ಕೆ ಇಳಿಯುವ ಮೊದಲು ಸೌತೆಕಾಯಿ ಮಾರುತ್ತಿದ್ದ. ಮಾರಿದ್ದರಲ್ಲಿ ತಪ್ಪೇನೂ ಇಲ್ಲ. ಲಂಡನ್ನಿನ ಗ್ರೀನ್‌ಫರ್ಡಿನ ಕಾಲುವೆಯ ಪಕ್ಕದ ಗೋದಾಮಿನಲ್ಲಿ ಅವನ ಉಪ್ಪುನೀರಿನ ಪೀಪಾಯಿಗಳು ಸಾಲಾಗಿ ನಿಂತಿರುತ್ತಿದ್ದವು. ಎಳೆ ಸೌತೆಕಾಯಿಗೆ ಸಬ್ಬಸಿಗೆ, ಬೆಳ್ಳುಳ್ಳಿ ಹಾಕಿ ಹುಳಿ ಬರಿಸಿ, ಗಾಜಿನ ಜಾಡಿಗೆ ತುಂಬಿ ಪೋಲಂಡಿನವರ ಅಂಗಡಿಗಳಿಗೆ ಕಳಿಸುತ್ತಿದ್ದ. ದಿನಕ್ಕೊಮ್ಮೆ ಪೀಪಾಯಿಗಳ ನಡುವೆ ಓಡಾಡಿ, ಒಂದೊಂದರಿಂದ ಒಂದು ಕಾಯಿ ಎತ್ತಿ ಅರ್ಧ ಕಚ್ಚಿ, ಉಳಿದರ್ಧವನ್ನು ಅದೇ ಪೀಪಾಯಿಗೆ ಎಸೆಯುತ್ತಿದ್ದ. ಜಾಡಿ ತುಂಬುವ ಕೆಲಸದ ಚಂದ್ರವ್ವ ಅವನ ಬೆನ್ನು ತಿರುಗುವವರೆಗೆ ಕಾದು, ಆ ಎಂಜಲು ತುಂಡನ್ನು ಹುಡುಕಿ ಇಕ್ಕಳದಿಂದ ತೆಗೆದು ಹಾಕುತ್ತಿದ್ದಳು. ಅವನ ಬಗ್ಗೆ ಆಕೆ ಮೊಟ್ಟಮೊದಲು ತಿಳಿದದ್ದು ಇದನ್ನೇ: ತಾನು ಕಚ್ಚಿದ್ದು ಈ ಮನುಷ್ಯನಿಗೆ ಎಂಜಲು ಅನಿಸುವುದಿಲ್ಲ.

೧೯೮೧ರಲ್ಲಿ ಸ್ಟ್ರಾಬೆರಿ ಬಿಡಿಸಲು ಅವನು ಇಂಗ್ಲಂಡಿಗೆ ಬಂದವನಂತೆ. ಆ ಚಳಿಗಾಲ ಅವನ ದೇಶ ಪೋಲಂಡಿನಲ್ಲಿ ಸೈನ್ಯ ಬೀದಿಗಿಳಿಯಿತು, ಅವನು ಹಿಂದಿರುಗಲಿಲ್ಲ. ಬರಿಗೈಯಲ್ಲಿ ಬಂದೆ, ಮೊದಲ ಪೀಪಾಯಿಗಳನ್ನು ನಾನೇ ತೊಳೆದೆ ಎಂದು ಹೇಳಿಕೊಳ್ಳುತ್ತಿದ್ದ. ತೊಳೆದಿರಬಹುದು. ಚಂದ್ರವ್ವ ಕೆಲಸಕ್ಕೆ ಸೇರುವ ಹೊತ್ತಿಗೆ ಅವನ ಕೈ ಮೆತ್ತಗಾಗಿತ್ತು.

ಚಂದ್ರವ್ವ ಸೇರಿದ್ದು ೧೯೯೨ರಲ್ಲಿ. ಆಕೆಯ ಗಂಡ ವೀರಣ್ಣ ಬೆಳಗಾವಿ ಕಡೆಯವನು. ಹೀಥ್ರೂ ಹತ್ತಿರ ವಿಮಾನದ ಊಟ ತಯಾರಿಸುವ ಅಡುಗೆಮನೆಯಲ್ಲಿ ಹಲವು ವರ್ಷ ದುಡಿದಿದ್ದ. ಅಲ್ಲಿ ಮಾಂಸ ಮುಟ್ಟದೆ ದಿನ ಕಳೆಯುವುದು ಕಷ್ಟವಾಗಿ, ಸೌತೆಕಾಯಿಯ ಕೆಲಸವೆಂದು ಕೇಳಿ ಗಂಡಹೆಂಡಿರಿಬ್ಬರೂ ಗಾರ್ಬಾಚನ ಕಡೆ ಬಂದರು. ವೀರಣ್ಣನ ಸೋದರಮಾವನ ಮಗ ದಾನಪ್ಪನೂ ಬಂದ. ಮೊದಲ ದಿನವೇ ಮೇಸ್ತ್ರಿ, ಕೊರಳಲ್ಲಿ ಏನೂ ಇರಬಾರದು, ತೆಗೆದಿಡಿ ಎಂದ. ಚಂದ್ರವ್ವ ಎದೆಯ ಮೇಲಿನ ಲಿಂಗವನ್ನು ಕೈಯಲ್ಲಿ ಒತ್ತಿ ಹಿಡಿದು ನಿಂತುಬಿಟ್ಟಳು. ಆಗ ಗಾರ್ಬಾಚ್ ಬಂದ, ವಿಷಯ ಕೇಳಿದ, ತನ್ನ ಅಂಗಿಯ ಗುಂಡಿ ಬಿಚ್ಚಿ ಒಳಗಿನ ಸರದಲ್ಲಿದ್ದ ಯೇಸುವಿನ ತಾಯಿ ಮರಿಯಮ್ಮನ ಬಿಲ್ಲೆ ತೋರಿಸಿದ. “ನನ್ನ ತಾಯಿ ಇಲ್ಲಿದ್ದಾಳೆ. ನಿನ್ನ ದೇವರೂ ಒಳಗೇ ಇರಲಿ, ಹೊರಗೆ ಕಾಣಬಾರದು ಅಷ್ಟೆ,” ಎಂದು ಇಂಗ್ಲಿಷಿನಲ್ಲಿ ಹೇಳಿ ನಕ್ಕ.

“ದೇವರನ್ನ ಬಲ್ಲ ಮನಷ್ಯಾ ಅದಾನ,” ಎಂದ ವೀರಣ್ಣ, ಮನೆಗೆ ಬಂದ ಮೇಲೆ.

ಚಂದ್ರವ್ವನಿಗೂ ಆ ದಿನ ಹಾಗೇ ಅನಿಸಿತ್ತು. ಅದನ್ನು ಇಲ್ಲವೆನ್ನಬಾರದು. ಆದರೆ ಆ ಒಂದು ಉಪಕಾರಕ್ಕೆ ಆಮೇಲೆ ಕಾಲು ಬಂದವು. ಚರ್ಚಿನ ಸಭೆಯಲ್ಲಿ, ವ್ಯಾಪಾರಿಗಳ ಊಟದಲ್ಲಿ, ಎಲ್ಲಿ ಮೈಕು ಸಿಕ್ಕರೂ ಅವನು, ನನ್ನ ಕಾರ್ಖಾನೆಯಲ್ಲಿ ಭಾರತದ ಹೆಂಗಸರು ತಮ್ಮ ದೇವರನ್ನು ಕೊರಳಲ್ಲಿ ಹಾಕಿಕೊಂಡೇ ಕೆಲಸ ಮಾಡುತ್ತಾರೆ, ನಾನು ಬಿಟ್ಟಿದ್ದೇನೆ ಎಂದು ಹೇಳತೊಡಗಿದ. ಬಚ್ಚಲಿಗೆ ಹೋದ ಹೊತ್ತನ್ನು ಮೇಸ್ತ್ರಿ ಗಡಿಯಾರ ಹಿಡಿದು ಅಳೆಯುತ್ತಿದ್ದುದನ್ನು ಯಾವ ಮೈಕಿನಲ್ಲೂ ಹೇಳಲಿಲ್ಲ.

೧೯೯೬ರ ಜನವರಿಯಲ್ಲಿ ದಾನಪ್ಪ ತೀರಿಕೊಂಡ. ಬಾಯ್ಲರಿನ ಪಕ್ಕದಲ್ಲೇ ಎದೆ ಹಿಡಿದುಕೊಂಡು ಕುಸಿದ. ಹೆಂಡತಿ ಮಕ್ಕಳು ಊರಲ್ಲಿದ್ದರು. ಹೆಣದ ವ್ಯವಸ್ಥೆ ಮಾಡುವ ಕಂಪನಿಯವರು ಧರ್ಮ ಯಾವುದೆಂದು ಕೇಳಿದರು; ಆಸ್ಪತ್ರೆಯಲ್ಲಿ ಹಿಂದೂ ಎಂದು ಬರೆಸಿದ್ದರು; ಅವರು ತಮಗೆ ತಿಳಿದಂತೆ ಸುಡುವ ಮನೆಯಲ್ಲಿ ದಿನ ಗೊತ್ತು ಮಾಡಿಬಿಟ್ಟರು. ವೀರಣ್ಣನಿಗೆ ಗೊತ್ತಾದದ್ದು ಹಿಂದಿನ ದಿನ. ಹಳೆಯ ಸ್ಮಶಾನ ತುಂಬಿದೆ, ಅದಕ್ಕೆ ಸೇರಿಸಬೇಕಾದ ಹೊಲ ಇನ್ನೂ ತೆರೆದಿಲ್ಲ ಎಂದು ಕೌನ್ಸಿಲಿನವರು, ಅಲ್ಲಿನ ನಗರಸಭೆಯವರು, ಹೇಳಿದರು. ದಾನಪ್ಪ ಒಲೆಯೊಳಗೆ ಹೋದ.

ಗಾರ್ಬಾಚ್ ಕರಿ ಕೋಟು ಹಾಕಿಕೊಂಡು ಬಂದಿದ್ದ. ಹೊರಗೆ ಗೋಡೆಗೆ ಹಣೆ ಹಚ್ಚಿ ಅಳುತ್ತಿದ್ದ ವೀರಣ್ಣನನ್ನು ಏಕೆ ಹೀಗೆ ಅಳುತ್ತೀ ಎಂದು ಕೇಳಿದ. ವೀರಣ್ಣ ತನಗೆ ಬಂದಷ್ಟು ಇಂಗ್ಲಿಷಿನಲ್ಲಿ, ಉಳಿದದ್ದನ್ನು ಕೈಯಲ್ಲಿ ಹೇಳಿದ. ನಾವು ಲಿಂಗಾಯತರು. ನಮ್ಮವರನ್ನು ಸುಡುವುದಿಲ್ಲ. ಚೌಕವಾಗಿ ಕುಣಿ ತೋಡಿ, ಪೂಜೆಗೆ ಕೂತಂತೆ ಕೂಡ್ರಿಸಿ, ಎಡಗೈಯಲ್ಲಿ ಲಿಂಗ ಇಟ್ಟು, ವಿಭೂತಿ ಹಾಕಿ ಮಣ್ಣು ಮಾಡುತ್ತೇವೆ. ಹೇಳುತ್ತ ಆ ತಣ್ಣಗಿನ ನೆಲದ ಮೇಲೆ ತಾನೇ ಚಕ್ಕಳಮಕ್ಕಳ ಹಾಕಿ ಕೂತು, ಎಡಗೈ ಚಾಚಿ ತೋರಿಸಿದ. ಗಾರ್ಬಾಚ್ ಕೆಳಗೆ ಬಗ್ಗಿ ಎಲ್ಲ ಕೇಳಿದ, ಅವನನ್ನು ಎಬ್ಬಿಸಿ ಅಪ್ಪಿಕೊಂಡ. ತಮ್ಮಲ್ಲಿ ನವೆಂಬರಿನ ಮೊದಲ ದಿನ ಎಲ್ಲರೂ ಸಮಾಧಿಗಳ ಮೇಲೆ ದೀಪ ಹಚ್ಚುತ್ತಾರೆ, ಸಮಾಧಿಯಿಲ್ಲದ ಮನುಷ್ಯ ಎಂದರೆ ನಮಗೂ ಸಂಕಟವಾಗುತ್ತದೆ ಎಂದ. ಚಂದ್ರವ್ವ ಪಕ್ಕದಲ್ಲೇ ನಿಂತು ನೋಡಿದಳು, ಕೇಳಿದಳು. ಆದ್ದರಿಂದ ಮುಂದೆ ಯಾರಾದರೂ, ಪಾಪ, ಅವನಿಗೆ ನಿಮ್ಮ ಪದ್ಧತಿ ಗೊತ್ತಿರಲಿಕ್ಕಿಲ್ಲ ಅಂದರೆ ಆಕೆ ಒಪ್ಪುತ್ತಿರಲಿಲ್ಲ. ಗೊತ್ತಿತ್ತು.

ಎರಡು ವರ್ಷಕ್ಕೆ ಅವನು ಕೌನ್ಸಿಲಿನ ಚುನಾವಣೆಗೆ ನಿಂತ. ಭಾರತದವರ ವೋಟು ತರಿಸಲು ಉದಯಶಂಕರ್ ಎಂಬ ಬೆಂಗಳೂರಿನವನನ್ನು ಇಟ್ಟುಕೊಂಡಿದ್ದ. ಮನೆ ಮಾರಿಸುವ ದಲ್ಲಾಳಿ, ನುಣ್ಣನೆ ಮಾತಿನವ. ಇಬ್ಬರೂ ವೀರಣ್ಣನ ಮನೆಗೆ ಬಂದರು. ಗಾರ್ಬಾಚ್ ನೆಲದ ಮೇಲೆ ಕೂತು ಜೋಳದ ರೊಟ್ಟಿ, ಎಣ್ಣೆಗಾಯಿ, ಶೇಂಗಾ ಚಟ್ನಿ ಉಂಡ. ಇನ್ನೊಂದು ರೊಟ್ಟಿ ಕೇಳಿ ಹಾಕಿಸಿಕೊಂಡ.

“ಸರ್ ಏನ್ ಹೇಳ್ತಿದಾರೆ ಅಂದ್ರೆ,” ಎಂದು ಉದಯಶಂಕರ್ ಕೈ ಒರೆಸಿಕೊಂಡು ಶುರು ಮಾಡಿದ, “ಫ್ಯಾಕ್ಟರಿ ಬೇಲಿ ಪಕ್ಕ ಸ್ಮಶಾನಕ್ಕೆ ಅಂತ ಇಟ್ಟಿರೋ ಹೊಲ ಇದ್ಯಲ್ಲ, ಅದರಲ್ಲೊಂದು ಮೂಲೆ ನಿಮ್ಮವರಿಗೆ. ನಿಮ್ಮ ಸ್ಟೈಲಲ್ಲೇ ಚೌಕ ಗುಂಡಿ. ಸರ್ ಗೆದ್ರೆ ಇದೇ ಫಸ್ಟ್ ಕೆಲಸ.”

“ಖರೇನ?” ಎಂದು ಚಂದ್ರವ್ವ ಕೇಳಿದಳು. “ಉಣ್ಣಾಕತ್ತಾರಲ್ಲ, ತಾಟ ಮುಟ್ಟಿ ಹೇಳಂತ ಹೇಳ್ರಿ.”

ಉದಯಶಂಕರ್ ನಕ್ಕು ಇಂಗ್ಲಿಷಿನಲ್ಲಿ ಹೇಳಿದ. ಗಾರ್ಬಾಚ್ ನಗಲಿಲ್ಲ. ಎಂಜಲು ಕೈಯನ್ನು ತಾಟಿನ ಅಂಚಿಗೆ ಇಟ್ಟು, “ನಿಮ್ಮ ಜನರಿಗೆ ನೆಲ ಸಿಗುತ್ತದೆ,” ಎಂದ.

ಸುದ್ದಿ ಹರಡಿತು. ಧಾರವಾಡ, ವಿಜಯಪುರ, ಕಲಬುರಗಿ ಕಡೆಯ ಮನೆಗಳು ಹೌನ್ಸ್ಲೋದಲ್ಲಿದ್ದವು, ಫೆಲ್ಥಮ್ಮಿನಲ್ಲಿದ್ದವು. ಅವರ ವೋಟು ಇಲ್ಲಿ ನಡೆಯುವುದಿಲ್ಲ. ಆದರೂ ಬಂದು ಗ್ರೀನ್‌ಫರ್ಡಿನ ಬಾಗಿಲು ಬಾಗಿಲು ತಟ್ಟಿದರು, ಮಳೆಯಲ್ಲಿ ನಿಂತು ಚೀಟಿ ಹಂಚಿದರು. ವಯಸ್ಸಾದವರಿಗೆ ಆ ಮೂಲೆಯ ಆಸೆ. ಗಾರ್ಬಾಚ್ ಗೆದ್ದ. ಹೊಲದ ಮಾತು ಕೇಳಿದಾಗೆಲ್ಲ, ಕಮಿಟಿಯಲ್ಲಿದೆ, ಕೌನ್ಸಿಲಿನ ಕೆಲಸ ನಿಧಾನ ಎಂದ. ೨೦೦೨ರಲ್ಲಿ ಅದೇ ಮಾತು ಹೇಳಿ ಮತ್ತೆ ಗೆದ್ದ. ಹೊಲದಲ್ಲಿ ಹುಲ್ಲು ಮಾತ್ರ ಬೆಳೆಯುತ್ತಿತ್ತು.

ಮರುವರ್ಷ ಶರತ್ಕಾಲದಲ್ಲಿ ಆ ಹೊಲದ ಬಗ್ಗೆ ಕೌನ್ಸಿಲಿನ ಸಭಾಂಗಣದಲ್ಲಿ ಸಾರ್ವಜನಿಕರ ಸಭೆ ಕರೆದರು. ಗಾರ್ಬಾಚ್ ತನ್ನ ಕಾರು ತಂದು ವೀರಣ್ಣ, ಚಂದ್ರವ್ವ ಇಬ್ಬರನ್ನೂ ಕೂರಿಸಿಕೊಂಡು ಹೋಗಿ ಮೊದಲ ಸಾಲಿನಲ್ಲಿ ಕೂಡ್ರಿಸಿದ. ವೀರಣ್ಣ ಮಗಳ ಮದುವೆಗೆ ಹೊಲಿಸಿದ ಕೋಟು ಹಾಕಿಕೊಂಡಿದ್ದ. ಕೊನೆಗೂ ಮೂಲೆ ಸಿಗುವ ದಿನ ಬಂತು ಎಂದೇ ತಿಳಿದಿದ್ದ.

ಆದರೆ ಸಭೆ ಕರೆದದ್ದು ಹೊಲವನ್ನು ಸ್ಮಶಾನದ ಹೆಸರಿನಿಂದ ಬಿಡಿಸಿ ಲಾರಿ ನಿಲ್ಲಿಸುವ ಅಂಗಳಕ್ಕೆ ಬಾಡಿಗೆ ಕೊಡಲು. ಕೆಲಸ ಹುಟ್ಟುತ್ತದೆ ಎಂಬ ಮಾತಿತ್ತು. ಹಿಂದಿನ ಸಾಲಿನ ಒಬ್ಬ ಇಂಗ್ಲಿಷ್ ಮುದುಕಿ ಎದ್ದು, ಅದು ಹೆಣ ಹೂಳಲು ಇಟ್ಟ ಜಾಗವಲ್ಲವೇ ಎಂದು ಕೇಳಿದಳು. ಗಾರ್ಬಾಚ್ ಎದ್ದು ನಿಂತ. ಪೋಲಂಡಿನ ಹಳಬರಿಗೆ ಬೇರೆ ಕಡೆ ಜಾಗವಿದೆ, ಹೊಸದಾಗಿ ಈ ಕಡೆ ನೆಲೆಸಿದವರಲ್ಲಿ ಹೆಚ್ಚಿನವರು ಭಾರತದ ಹಿಂದೂಗಳು, ಹಿಂದೂಗಳು ಸುಡುತ್ತಾರೆ, ಅವರಿಗೆ ಸಮಾಧಿ ಬೇಕಿಲ್ಲ ಎಂದ. “ನಾನು ಹೇಳುವುದು ಬೇಡ. ನನ್ನ ಹಳೆಯ ಸ್ನೇಹಿತ ಇಲ್ಲೇ ಇದ್ದಾನೆ. ವೀರಣ್ಣ, ನೀನು ಹಿಂದೂ ಅಲ್ಲವೇ?”

ವೀರಣ್ಣ ಎದ್ದು ಕೋಟಿನ ಗುಂಡಿ ಹಾಕಿಕೊಂಡ. “ಎಸ್ ಸರ್. ಹಿಂದೂ,” ಎಂದ.

ಸರಸರ ಆಡಿದ ಆ ಇಂಗ್ಲಿಷಿನಲ್ಲಿ ಅವನಿಗೆ ಹಿಡಿದದ್ದು ಕೊನೆಯ ಪ್ರಶ್ನೆ ಮಾತ್ರ. ಈ ದೇಶಕ್ಕೆ ಬಂದಾಗಿನಿಂದ ಆ ಪ್ರಶ್ನೆಗೆ ಅವನು ಕೊಡುತ್ತ ಬಂದ ಉತ್ತರ ಅದೊಂದೇ. ಶಾಲೆಯಲ್ಲಿ ಕೇಳಿದರು, ಬಡಾವಣೆಯ ಡಾಕ್ಟರ್ ಜಿಪಿ ಕೇಳಿದ, ಆಸ್ಪತ್ರೆಯಲ್ಲಿ ಕೇಳಿದರು. ಲಿಂಗಾಯತ ಎಂದು ಒಮ್ಮೆ ನರ್ಸಿಗೆ ಹೇಳಿ ನೋಡಿದ್ದ. ಅವಳು ಎರಡು ಸಲ ಕೇಳಿ, ನಕ್ಕು, ಕೊನೆಗೆ ಹಿಂದೂ ಎಂದೇ ಬರೆದುಕೊಂಡಳು. ಅಂದಿನಿಂದ ಯಾರಿಗೂ ತೊಂದರೆ ಕೊಡದೆ ಅದನ್ನೇ ಹೇಳುತ್ತಿದ್ದ. ನಾಲಿಗೆಗೆ ರೂಢಿಯಾಗಿತ್ತು. ಈ ರೂಢಿಯೂ ಗಾರ್ಬಾಚನಿಗೆ ಗೊತ್ತಿತ್ತು.

ಸಭೆ ಚಪ್ಪಾಳೆ ತಟ್ಟಿತು. ಇಂಗ್ಲಿಷ್ ಮುದುಕಿ ಕೂತುಬಿಟ್ಟಳು. ಚಂದ್ರವ್ವನಿಗೆ ಬರುತ್ತಿದ್ದ ಇಂಗ್ಲಿಷ್ ಮಾತು ಎಣಿಸುವಷ್ಟು, ಆದರೆ ಬರ್ನ್ ಎಂಬುದು ಅದರಲ್ಲಿತ್ತು. ಮುಟ್ಟಿದರೆ ಸುಡುತ್ತದೆಂದು ಕಾರ್ಖಾನೆಯ ಬಿಸಿನೀರಿನ ಕೊಳವೆಯ ಮೇಲೆ ಆ ಪದ ಅಂಟಿಸಿದ್ದರು. ಆಕೆ ಗಂಡನ ಕೋಟು ಹಿಡಿದು ಜಗ್ಗಿದಳು. ಅಷ್ಟರಲ್ಲಿ ಕೈ ಎತ್ತಿಸಿ ಎಣಿಸುವುದೂ ಆಗಿಹೋಯಿತು.

ಹಿಂದಿರುಗುವಾಗ ಆಕೆ ಅವನ ಕಾರು ಹತ್ತಲಿಲ್ಲ. ಬಸ್ಸಿನಲ್ಲಿ ಕೇಳಿದಳು.

“ಆಂವ ಏನ ಕೇಳಿದಾ, ನೀವ ಏನ ಹೇಳಿದ್ರಿ?”

“ಹಿಂದೂ ಏನು ಅಂತ ಕೇಳಿದಾ. ಹೌದಂದೆ. ಸುಳ್ಳ ಹೇಳಬೇಕಿತ್ತೇನು?”

“ಹಿಂದೂಗೋಳಿಗೆ ಕುಣಿ ಬ್ಯಾಡ, ಸುಡತಾರ ಅಂದಾನ. ಅದನ್ನ ನಿಮ್ಮ ಬಾಯಿಲೆ ಹೇಳಿಸ್ಯಾನ.”

ವೀರಣ್ಣ ಕೋಟಿನ ಗುಂಡಿ ಬಿಚ್ಚಿದ. “ಮರತಿರಬೇಕ, ಚಂದ್ರಿ. ದಾನಪ್ಪ ಹೋಗಿ ಬಾಳ ದಿನಾ ಆತು.”

“ಮರತಾಂವ ನಿಮ್ಮನ್ನ ಕಾರಿನ್ಯಾಗ ಹತ್ತಿಸ್ಕೊಂಡು ಒಯ್ಯತಿದ್ದಿಲ್ಲ.”

ಅದಾದ ಮೇಲೆ ವೀರಣ್ಣ ಸಭೆ, ಹಬ್ಬ, ಯಾವುದಕ್ಕೂ ಹೋಗಲಿಲ್ಲ. ಹೌನ್ಸ್ಲೋದವರ ಮುಂದೆ ತಲೆ ಎತ್ತದಾದ. ಎಲ್ಲರ ಮೂಲೆಯನ್ನು ತಾನೇ ಕಳೆದೆ ಎಂಬುದು ಅವನ ಮನಸ್ಸಿನಲ್ಲಿ ಕೂತುಬಿಟ್ಟಿತು.

ಮರುವರ್ಷ ಪೋಲಂಡಿನವರಿಗೆ ಇಲ್ಲಿ ಬಂದು ದುಡಿಯಲು ಬಾಗಿಲು ತೆರೆಯಿತು. ಬಸ್ಸುಗಟ್ಟಲೆ ಹುಡುಗ ಹುಡುಗಿಯರು ಬಂದರು. ಗಾರ್ಬಾಚ್ ಒಂದು ಸಂಜೆ ಮರದ ಹಲಗೆಯ ಮೇಲೆ ನಿಂತು, ನಿಮ್ಮ ಸೇವೆ ಮರೆಯುವುದಿಲ್ಲ, ಈಗ ನನ್ನವರು ಬಂದಿದ್ದಾರೆ ಎಂದು ಹೇಳಿ ಹಳೆಯ ಹೆಂಗಸರನ್ನೆಲ್ಲ ಮನೆಗೆ ಕಳಿಸಿದ. ಹೋಗುವಾಗ ಒಬ್ಬೊಬ್ಬರಿಗೂ ಒಂದು ಜಾಡಿ ಸೌತೆಕಾಯಿ ಕೊಟ್ಟ. ಬಂದ ಹುಡುಗಿಯರ ಮೇಲೆ ಚಂದ್ರವ್ವನಿಗೆ ಸಿಟ್ಟಿರಲಿಲ್ಲ. ಅವರನ್ನು ಅವನು ತನ್ನದೇ ಮನೆಗಳಲ್ಲಿ ಒಂದು ಕೋಣೆಗೆ ಆರೆಂಟು ಮಂದಿಯಂತೆ ತುಂಬಿದ್ದ. ಬೆಳಗಿನ ಬಸ್ಸಿನಲ್ಲಿ ಆ ಮಕ್ಕಳು ನಿದ್ದೆಗೆಟ್ಟು ಮುಖ ಊದಿಸಿಕೊಂಡು ಕೂತಿರುತ್ತಿದ್ದವು. ನನ್ನವರು ಎಂಬುದು ಅವನ ಬಾಯಲ್ಲಿ ಏನೆಂದು ಅವುಗಳಿಗೂ ಬೇಗ ತಿಳಿಯಿತು. ಬೇಲಿಯಾಚೆಯ ಹೊಲದ ಅರ್ಧಕ್ಕೆ ಡಾಂಬರು ಹಾಕಿದರು, ಲಾರಿಗಳು ಬಂದು ನಿಂತವು. ಇನ್ನರ್ಧ ಹುಲ್ಲಾಗಿಯೇ ಉಳಿಯಿತು.

೨೦೦೫ರಲ್ಲಿ ವೀರಣ್ಣನ ಮೂತ್ರಪಿಂಡಗಳು ಕೈಕೊಟ್ಟವು. ವಾರಕ್ಕೆ ಮೂರು ದಿನ ಆಸ್ಪತ್ರೆಯಲ್ಲಿ ರಕ್ತ ತೊಳೆಸಬೇಕಿತ್ತು. ಒಂದು ದಿನ ಅಲ್ಲಿಂದ ಬಂದು ಕಾಲು ಚಾಚಿ ಕೂತವನು, “ನನ್ನ ದಾನಪ್ಪನಂಗ ಮಾಡಬ್ಯಾಡ್ರಿ,” ಎಂದ.

“ಮಾಡಂಗಿಲ್ಲ.”

“ಬಾಳ ದೂರನೂ ಒಯ್ಯಬ್ಯಾಡ್ರಿ. ಸೋಮವಾರಕ್ಕೊಮ್ಮೆ ನೀ ಒಂದ ಬಸ್ಸಿನ್ಯಾಗ ಬಂದು ಹೋಗೂವಂಗಿರಲಿ.”

“ನಡಕೋತ ಬರೂವಂಗ ನೋಡತೀನಿ,” ಎಂದಳು ಚಂದ್ರವ್ವ. ಕೊಟ್ಟ ಮಾತು ಅಷ್ಟೇ. ಮಣ್ಣು, ಮತ್ತು ಹತ್ತಿರದ ಮಣ್ಣು.

ಅದಕ್ಕಾಗಿ ಆಕೆ ಶನಿವಾರ ಶನಿವಾರ ಲೈಬ್ರರಿಗೆ ಹೋದಳು. ಅಲ್ಲಿ ಕೌನ್ಸಿಲರ್ ಗಾರ್ಬಾಚ್ ಜನರ ಅಹವಾಲು ಕೇಳಲು ಕೂರುತ್ತಿದ್ದ. ಕೊನೆಯ ಕುರ್ಚಿಯಲ್ಲಿ ಕೂತು ಕಾಯುತ್ತಿದ್ದಳು. ಸರದಿ ಬರುವ ಹೊತ್ತಿಗೆ ಅವನಿಗೆ ಬೇರೆಲ್ಲೋ ಕೆಲಸ ಬಂದಿರುತ್ತಿತ್ತು.

“ಅಮ್ಮಾ, ಸುಮ್ನೆ ಯಾಕೆ ಬರ್ತೀರ?” ಎಂದ ಉದಯಶಂಕರ್. “ವೋಟ್ ಆಗೋಗಿದೆ. ಸ್ವಲ್ಪ ಅಡ್ಜಸ್ಟ್ ಮಾಡ್ಕೊಳಿ. ಈಗ ಎಲ್ರೂ ಸುಡೋದೇ, ಕ್ಲೀನ್ ಆಗಿರತ್ತೆ.”

“ನಿಮಗ ಅಡ್ಜಸ್ಟ್ ಆದೀತು. ನಾ ಸಾಹೇಬರಿಗೆ ಒಂದ ಮಾತ ಹೇಳಾಕ ಬಂದೀನಿ.”

“ನಂಗೆ ಹೇಳಿ, ನಾನು ಹೇಳ್ತೀನಿ.”

“ನೀವ ಹೇಳಿದ್ದು ಒಮ್ಮಿ ಕೇಳೀವಲ್ಲ, ನಮ್ಮನ್ಯಾಗ ಉಂಡಾಗ. ಸಾಕು.”

ಆರನೆಯದೋ ಏಳನೆಯದೋ ಶನಿವಾರ ಅವನು ಎದುರು ಸಿಕ್ಕ. ಆಕೆ ಮಗಳು ಭುವನೇಶ್ವರಿಯನ್ನು ಕರೆದುಕೊಂಡು ಹೋಗಿದ್ದಳು. ಭುವನೇಶ್ವರಿ ಫೆಲ್ಥಮ್ಮಿನಲ್ಲಿದ್ದು ವಿಮಾನ ನಿಲ್ದಾಣದಲ್ಲಿ ಕೆಲಸ ಮಾಡುವವಳು. ತಾಯಿಯ ಕನ್ನಡವನ್ನು ಇಂಗ್ಲಿಷ್ ಮಾಡಿ ಹೇಳಿದಳು. ಉಳಿದರ್ಧ ಹೊಲ ಇನ್ನೂ ಇದೆ. ನೀವು ಅದೇ ಸಭಾಂಗಣದಲ್ಲಿ ನಿಂತು, ಈ ಜನ ಸುಡುವವರಲ್ಲ, ಹೂಳುವವರು, ನನಗದು ಮೊದಲೇ ಗೊತ್ತಿತ್ತು ಎಂದು ಹೇಳಬೇಕು. ಗಾರ್ಬಾಚ್ ಚಂದ್ರವ್ವನ ಎರಡೂ ಕೈ ಹಿಡಿದುಕೊಂಡ. “ವೀರಣ್ಣ ಇನ್ನೂ ಬಹಳ ವರ್ಷ ಬದುಕುತ್ತಾನೆ,” ಎಂದ. ಮುಂದಿನವರನ್ನು ಕರೆಯಿರಿ ಎಂದು ಕಣ್ಣಲ್ಲೇ ಸನ್ನೆ ಮಾಡಿದ.

೨೦೦೬ರ ಚಳಿಗಾಲದಲ್ಲಿ ಊರ ಪತ್ರಿಕೆ ಅವನ ಬೆನ್ನು ಹತ್ತಿತು. ಲಾರಿ ಅಂಗಳ ಬಾಡಿಗೆ ಹಿಡಿದ ಕಂಪನಿ ಅವನ ಹೆಂಡತಿಯ ತಮ್ಮನದೆಂದು ಹೊರಬಿತ್ತು. ಹುಡುಗಿಯರನ್ನು ಕುರಿಗಳಂತೆ ತುಂಬಿದ ಮನೆಗಳ ಫೋಟೋ ಬಂತು. ವಿಚಾರಣೆ ಕೂತಿತು. ಮೇ ತಿಂಗಳಲ್ಲಿ ಚುನಾವಣೆ. ಅವನು ಎಲ್ಲದಕ್ಕೂ ಒಂದೇ ಉತ್ತರ ಕೊಟ್ಟ: ನಾನು ಹೊರಗಿನಿಂದ ಬಂದವನೆಂದು ಸುಳ್ಳು ಹೊರಿಸುತ್ತಿದ್ದಾರೆ, ಈ ನೆಲದ ಬಡವರನ್ನು ಕೇಳಿ, ನನ್ನ ಭಾರತದ ಅಕ್ಕತಂಗಿಯರನ್ನು ಕೇಳಿ.

ಮಾರ್ಚಿನಲ್ಲಿ, ಒಂದು ಮಂಗಳವಾರ ಬೆಳಗಿನ ಜಾವ, ವೀರಣ್ಣ ನಿದ್ದೆಯಲ್ಲೇ ಲಿಂಗೈಕ್ಯನಾದ.

ಜಿಪಿ ಬಂದು ನೋಡಿ, ಸಾವಿನ ಚೀಟಿ ಬರೆದುಕೊಟ್ಟು ಹೋದ. ಹೆಣ ಸೆಟೆಯುವ ಮೊದಲೇ ಮೈ ತೊಳೆದು, ಮುಂದಿನ ಕೋಣೆಯಲ್ಲಿ ಗೋಡೆಗೆ ಒರಗಿಸಿ ಕೂಡ್ರಿಸಿದರು. ಬೆನ್ನಿಗೆ ಹಲಗೆ ಕೊಟ್ಟು, ಎದೆಗೆ ಬಿಳಿ ವಸ್ತ್ರ ಕಟ್ಟಿ, ಹಣೆಗೆ ವಿಭೂತಿ ಹಚ್ಚಿ, ಎಡಗೈಯಲ್ಲಿ ಲಿಂಗ ಇಟ್ಟರು. ಹೌನ್ಸ್ಲೋದಿಂದ, ಫೆಲ್ಥಮ್ಮಿನಿಂದ ಮಂದಿ ಬಂದು ಭಜನೆಗೆ ಕೂತರು. ಎಲ್ಲಿ ಮಣ್ಣು ಮಾಡುವುದು ಎಂಬುದು ಮಾತ್ರ ಇತ್ಯರ್ಥವಾಗಿರಲಿಲ್ಲ. ಭುವನೇಶ್ವರಿ ಅಡುಗೆಮನೆಯಲ್ಲಿ ಫೋನು ಹಿಡಿದು ನಿಂತಿದ್ದಳು. ಹತ್ತಿರದಲ್ಲಿ ಎಲ್ಲೂ ಜಾಗವಿರಲಿಲ್ಲ. ಇದ್ದಲ್ಲಿ ಚೌಕ ಕುಣಿಗೆ ಒಪ್ಪುತ್ತಿರಲಿಲ್ಲ.

ಮಧ್ಯಾಹ್ನದ ಹೊತ್ತಿಗೆ ಗಾರ್ಬಾಚ್ ಬಂದ. ದೊಡ್ಡ ಬಿಳಿ ಹೂವಿನ ಚಕ್ರ, ಹಿಂದೆ ಉದಯಶಂಕರ್, ಅವರ ಹಿಂದೆ ಪತ್ರಿಕೆಯ ಹುಡುಗಿ ಕ್ಯಾಮೆರಾ ಹಿಡಿದು. ಟೋಪಿ ತೆಗೆದು, ಕೂತ ಹೆಣದ ಮುಂದೆ ನಿಂತು ಶಿಲುಬೆಯ ಗುರುತು ಮಾಡಿಕೊಂಡ. ಕಣ್ಣಲ್ಲಿ ನೀರೂ ಇತ್ತು. ಬೇಕೆಂದಾಗ ಅವನಿಗೆ ಕಣ್ಣೀರು ಬರುತ್ತಿತ್ತು, ಸುಳ್ಳು ಕಣ್ಣೀರೆಂದು ಹೇಳಲೂ ಆಗದಂತೆ.

ಭಜನೆ ನಿಂತಿತು. ಉದಯಶಂಕರ್ ದನಿ ತಗ್ಗಿಸಿ ಹೇಳಿದ. “ಅಮ್ಮಾ, ಹಳೇ ಸ್ಮಶಾನದಲ್ಲಿ ಸರ್ ಅವರ ತಾಯಿ ಪಕ್ಕ ತಮಗೋಸ್ಕರ ಅಂತ ಒಂದು ಜಾಗ ತಗೊಂಡಿಟ್ಟಿದಾರೆ. ಅದನ್ನ ಇವತ್ತು ವೀರಣ್ಣೋರಿಗೆ ಬಿಟ್ಕೊಡ್ತಿದಾರೆ. ಇಲ್ಲಿಂದ ನಡ್ಕೊಂಡು ಹೋಗ್ಬೋದು. ಚೌಕಾನೇ ತೋಡಿಸ್ತಾರೆ, ಎಲ್ಲ ಮಾತಾಡಿ ಆಗಿದೆ. ಏನಿಲ್ಲ, ಈ ಹುಡುಗಿ ಹತ್ರ ಒಂದು ಮಾತು ಹೇಳಿ, ಸರ್ ನಮ್ಮ ಜನಕ್ಕೆ ಯಾವತ್ತೂ ಮೋಸ ಮಾಡಿಲ್ಲ ಅಂತ. ಆಮೇಲೆ ಸರ್ ಜೊತೆ ಒಂದು ಫೋಟೋ.”

ಭುವನೇಶ್ವರಿ ಅಡುಗೆಮನೆಯಿಂದ ಬಂದು ತಾಯಿಯ ತೋಳು ಹಿಡಿದಳು. “ಅವ್ವಾ, ಸೇ ಯೆಸ್. ಪ್ಲೀಸ್. ಅಪ್ಪ ಕೇಳಿದ್ದು ಇದ ಅಲ್ಲ? ಇಟ್ಸ್ ಟೆನ್ ಮಿನಿಟ್ಸ್ ಅವೇ. ಬ್ಯಾರೆ ಎಲ್ಲೂ ಸಿಗವಲ್ತು.”

ಮಗಳು ಹೇಳಿದ್ದು ಸರಿಯಾಗಿಯೇ ಇತ್ತು. ಮಣ್ಣು, ಹತ್ತಿರದ ಮಣ್ಣು, ಎರಡೂ ಬಾಗಿಲಿಗೆ ಬಂದು ನಿಂತಿದ್ದವು. ಚಂದ್ರವ್ವ ಗಂಡನ ಮುಖ ನೋಡಿದಳು. ಹೂಂ ಎಂದರೆ ಸಂಜೆಯೊಳಗೆ ಕುಣಿ ತಯಾರಾಗುತ್ತದೆ. ಸೋಮವಾರ ಸೋಮವಾರ ನಡೆದು ಹೋಗಬಹುದು. ಆಮೇಲೆ ಕೋಣೆಯಲ್ಲಿ ಕೂತವರನ್ನು ನೋಡಿದಳು. ಮಳೆಯಲ್ಲಿ ಚೀಟಿ ಹಂಚಿದ ಮುದುಕರು ಅಲ್ಲಿದ್ದರು. ಅವರಿಗೆ ಯಾವ ಕುಣಿಯೂ ಇಲ್ಲ. ಆ ಸಭೆಯಲ್ಲಿ ವೀರಣ್ಣನ ಬಾಯಿಂದ ಬಿದ್ದ ಮಾತು ಅಲ್ಲೇ ಉಳಿಯುತ್ತದೆ, ಈಗ ಅದರ ಮೇಲೆ ಆಕೆಯದೂ ಒಂದು ಬೀಳುತ್ತದೆ.

“ಭುವನಾ,” ಎಂದಳು. “ನಾ ಹೇಳಿದ್ದನ್ನ ಇದ್ದದ್ದ ಇದ್ದಂಗ ಇಂಗ್ಲೀಷಿನ್ಯಾಗ ಹೇಳು. ಆ ಪೇಪರಿನ ಹುಡಿಗಿಗೆ ಕೇಳೂವಂಗ ಹೇಳು. ಸಾಹೇಬರನ್ನ ಕೇಳು, ನಮ್ಮ ಮಂದಿ ಸತ್ತರ ಏನ ಮಾಡತೀವಿ? ಸುಡತೀವೋ, ಮಣ್ಣ ಮಾಡತೀವೋ?”

“ಅವ್ವಾ, ಈಗ ಬ್ಯಾಡ.”

“ಕೇಳು.”

ಭುವನೇಶ್ವರಿ ಕೇಳಿದಳು. ಪತ್ರಿಕೆಯ ಹುಡುಗಿ ಕ್ಯಾಮೆರಾ ಕೆಳಗಿಳಿಸಿ ಗಾರ್ಬಾಚನ ಕಡೆ ನೋಡಿದಳು.

ಹೂಳುತ್ತಾರೆ ಎಂದರೆ, ಅಂದು ಸಭೆಯಲ್ಲಿ ಹೇಳಿದ್ದು ಗೊತ್ತಿದ್ದೂ ಹೇಳಿದ ಸುಳ್ಳು. ಸುಡುತ್ತಾರೆ ಎಂದರೆ, ಈಗ ಹೂವು ಹಿಡಿದು ಕುಣಿ ಕೊಡಲು ಬಂದದ್ದು ಯಾಕೆ? ಗಾರ್ಬಾಚ್ ಹೆಣದ ಕಡೆ ನೋಡಿದ, ಚಂದ್ರವ್ವನ ಕಡೆ ನೋಡಿದ. ಎಲ್ಲರ ಸಂಪ್ರದಾಯವನ್ನೂ ಗೌರವಿಸುತ್ತೇನೆ ಎಂದ. ಇದು ಅದಕ್ಕೆ ಸಮಯವಲ್ಲ ಎಂದ.

“ಏನಂತಾನ?”

“ಟೈಮಲ್ಲ ಅಂತಾನ,” ಎಂದಳು ಭುವನೇಶ್ವರಿ.

“ಅಮ್ಮಾ, ಪಾಪ, ಹೆಲ್ಪ್ ಮಾಡಕ್ಕೆ ಬಂದವರನ್ನ ಹೀಗೆಲ್ಲ ಕೇಳ್ತಾರಾ?” ಎಂದ ಉದಯಶಂಕರ್.

“ಆ ಸಭಾದಾಗ ನಮ್ಮನ್ನ ಕೇಳಾಕ ಟೈಮ ಇತ್ತಲ್ರಿ ಇವರಿಗೆ. ನಮ್ಮ ಯಜಮಾನ್ರು ಎದ್ದ ನಿಂತು ಹೇಳಿದ್ರು. ಇವರೂ ನಿಂತಾರ, ಹೇಳಲಿ.”

ಪತ್ರಿಕೆಯ ಹುಡುಗಿ ಭುವನೇಶ್ವರಿಯನ್ನು ಮೆಲ್ಲಗೆ, ಇವರು ಹೂಳುವವರೇ, ಕೌನ್ಸಿಲರಿಗೆ ಗೊತ್ತಿತ್ತೇ ಎಂದು ಕೇಳಿದಳು. ಕೋಣೆಯಲ್ಲಿ ಇಂಗ್ಲಿಷ್ ಬಂದವರೆಲ್ಲ ಒಟ್ಟಿಗೆ ಹೌದೆಂದರು. ಗಾರ್ಬಾಚ್ ಟೋಪಿ ಹಾಕಿಕೊಂಡ. ಚಂದ್ರವ್ವ ಆ ಹೂವಿನ ಚಕ್ರ ಎತ್ತಿ ಅವನ ಕೈಗೇ ಕೊಟ್ಟಳು.

“ಆ ಕುಣಿ ನಿಮಗ ಬೇಕಾಗತೈತಿ. ಇಟಗೋರಿ,” ಎಂದಳು.

ಅದನ್ನು ಯಾರೂ ಇಂಗ್ಲಿಷ್ ಮಾಡಿ ಹೇಳಲಿಲ್ಲ. ಹೇಳಬೇಕಾಗಿಯೂ ಇರಲಿಲ್ಲ.

ಅವನು ಚಕ್ರ ಹೊತ್ತು ಬಾಗಿಲು ದಾಟುವ ಫೋಟೋ ಆ ವಾರದ ಪತ್ರಿಕೆಯಲ್ಲಿ ಬಂತು. ಕೆಳಗೆ ಸುದ್ದಿಯೂ ಬಂತು. ಅದರಿಂದ ಅವನು ಮಣ್ಣು ಮುಕ್ಕಿದನೆಂದು ಯಾರಾದರೂ ತಿಳಿದರೆ ತಪ್ಪು. ವಿಚಾರಣೆಯವರು ಎಚ್ಚರಿಕೆ ಕೊಟ್ಟು ಬಿಟ್ಟರು. ಮೇ ತಿಂಗಳಲ್ಲಿ ಅವನು ಗೆದ್ದ. ಮೊದಲಿಗಿಂತ ಕಡಿಮೆ ವೋಟಿನಲ್ಲಿ, ಆದರೂ ಗೆದ್ದ. ಉಳಿದರ್ಧ ಹೊಲಕ್ಕೂ ಡಾಂಬರು ಬಿತ್ತು. ಮರುವರ್ಷ ಪೋಲಂಡಿಗೆ ಹೋಗಿ ಅಲ್ಲಿನ ಪಾರ್ಲಿಮೆಂಟಿಗೆ ನಿಂತ. ಲಂಡನ್ನಿನಲ್ಲಿ ಎಲ್ಲ ಧರ್ಮದವರ ಸಮಾಧಿಗಾಗಿ ಹೋರಾಡಿದವನು ಎಂದು ಅವನ ಪೋಸ್ಟರಿನಲ್ಲಿ ಬರೆದಿತ್ತಂತೆ. ಅಲ್ಲೂ ಗೆದ್ದ. ಕಾರ್ಖಾನೆಯನ್ನು ಹೆಂಡತಿಯ ತಮ್ಮ ನೋಡಿಕೊಳ್ಳುತ್ತಿದ್ದಾನೆ.

ವೀರಣ್ಣನನ್ನು ಮಣ್ಣು ಮಾಡಿದ್ದು ಲಂಡನ್ನಿನ ಗಡಿ ದಾಟಿ, ಬೀಚ್ ಎಂಬ ಕಾಡುಮರಗಳ ನಡುವೆ ಇರುವ ಒಂದು ನೆಲದಲ್ಲಿ. ಅಲ್ಲಿ ಪೆಟ್ಟಿಗೆ ಬೇಡವೆನ್ನುತ್ತಾರೆ, ಹೇಗೆ ತೋಡಬೇಕೆಂದರೂ ತೋಡುತ್ತಾರೆ. ಭುವನೇಶ್ವರಿ ಎರಡು ದಿನ ಫೋನು ಮಾಡಿ ಹುಡುಕಿದಳು. ತೋಡುವ ಇಬ್ಬರು ಗಂಡಸರು ಚೌಕದ ಮೂಲೆಗಳನ್ನು ಗುದ್ದಲಿಯ ಅಂಚಿನಿಂದ ಎರಡೆರಡು ಸಲ ತೀಡಿ ನೇರ ಮಾಡಿದರು. ಒಳಗಿಳಿದು ಕೂಡ್ರಿಸಿದ್ದು ಹೌನ್ಸ್ಲೋದ ಮುದುಕರೇ. ಉಪ್ಪು, ವಿಭೂತಿ, ಪತ್ರೆ ಹಾಕಿ, ಎಲ್ಲರೂ ಮೂರು ಮೂರು ಹಿಡಿ ಮಣ್ಣು ಕೊಟ್ಟರು. ಅವರಲ್ಲೇ ಕೆಲವರು ಹಿಂದಿರುಗುವ ವ್ಯಾನಿನಲ್ಲಿ, ಕಾಲಬುಡಕ್ಕೆ ಬಂದ ಮಣ್ಣನ್ನು ಹಟಕ್ಕೆ ಬಿಟ್ಟಳು, ಸತ್ತವನ ಆಸೆ ಅರ್ಧವೇ ನಡೆಯಿತು ಎಂದು ಆಡಿಕೊಂಡರು. ಚಂದ್ರವ್ವ ಮುಂದಿನ ಸೀಟಿನಲ್ಲಿದ್ದಳು, ಕೇಳಿಸಿತು. ಅವರು ಹೇಳಿದ್ದು ಸುಳ್ಳಲ್ಲ.

ಈಗ ಆಕೆ ಸೋಮವಾರ ಬೆಳಿಗ್ಗೆ ಬುತ್ತಿ ಕಟ್ಟಿಕೊಂಡು ಹೊರಡುತ್ತಾಳೆ. ಬಸ್ಸು, ನೆಲದಡಿ ಓಡುವ ಟ್ಯೂಬು, ರೈಲು, ಮತ್ತೆ ಗಂಟೆಗೊಮ್ಮೆ ಬರುವ ಬಸ್ಸು. ಮಂಡಿ ನೋವು ಬೇರೆ. ಹೋಗಿ ಅರ್ಧ ತಾಸು ಕೂತು ಬರುವಷ್ಟರಲ್ಲಿ ಕತ್ತಲಾಗುತ್ತದೆ.

“ಇಟ್ಸ್ ಟೂ ಮಚ್, ಅವ್ವಾ,” ಎಂದಳು ಭುವನೇಶ್ವರಿ ಮೊನ್ನೆ. “ತಿಂಗಳಿಗೊಮ್ಮಿ ನಾನ ಕಾರಿನ್ಯಾಗ ಕರಕೊಂಡ ಹೋಗತೀನಿ. ವಾರಾ ವಾರಾ ಯಾಕ ಸಾಯತಿ?”

“ಕಾರಿನ್ಯಾಗ ಹೋದ್ರ ಲಗೂ ಮುಟ್ಟತೈತಿ,” ಎಂದಳು ಚಂದ್ರವ್ವ, ಕಾಲಿಗೆ ಎಣ್ಣೆ ತಿಕ್ಕಿಕೊಳ್ಳುತ್ತ. “ಇಷ್ಟ ದೂರ ಮಾಡಿದಾಂವ ಯಾರಂತ ನನಗ ಹಾದಿ ಪೂರಾ ನೆನಪಿರಬೇಕು.”